ಕ್ಯಾಮೆರಾ ಕಂಪನಿಗಳ ಸರ್ವಿಸ್: ಕಾಸರಗೋಡಿನವರು ಯಾರನ್ನು ನಂಬಬಹುದು, ಎಷ್ಟು ನಂಬಬಹುದು

ಎರಡು ಮೂರು ಲಕ್ಷ ಕೊಟ್ಟು ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಕೊಳ್ಳುವವರು ಮೆಗಾಪಿಕ್ಸೆಲ್ ವಿಚಾರಿಸುತ್ತಾರೆ, ಫೋಕಸ್ ಎಷ್ಟು ಬೇಗ ಹಿಡಿಯುತ್ತದೆಂದು ನೋಡುತ್ತಾರೆ, ವಿಡಿಯೊ ಎಷ್ಟು ಹೊತ್ತು ಓಡುತ್ತದೆಂದು ಕೇಳುತ್ತಾರೆ. ಕೆಟ್ಟರೆ ಅದನ್ನು ಯಾವ ಊರಿಗೆ ಒಯ್ಯಬೇಕು, ಅಲ್ಲಿ ಬಿಚ್ಚಿ ನೋಡುವವರು ಇದ್ದಾರೋ ಅಥವಾ ಪಾರ್ಸೆಲ್ ಕಟ್ಟಿ ಮುಂದಕ್ಕೆ ಕಳಿಸುವವರು ಮಾತ್ರವೋ, ಬಿಡಿಭಾಗ ಎಲ್ಲಿಂದ ಬರಬೇಕು ಎಂದು ಕೌಂಟರಿನಲ್ಲಿ ಕೇಳುವವರು ತೀರಾ ಕಡಿಮೆ. ಮಂಜೇಶ್ವರದಿಂದ ನೀಲೇಶ್ವರದವರೆಗೆ ಮದುವೆ ಕೆಲಸ ಮಾಡುವವರಿಗೂ ತೆಯ್ಯಂ, ಯಕ್ಷಗಾನದ ಚಿತ್ರ ತೆಗೆಯುವವರಿಗೂ ಇದೇ ಮೊದಲ ಪ್ರಶ್ನೆಯಾಗಬೇಕು. ದುಬಾರಿ ಕ್ಯಾಮೆರಾದ ರಿಪೇರಿ ಜಿಲ್ಲೆಯ ಹೊರಗೇ ಆಗುವುದು. ಮಂಗಳೂರು, ಕೊಚ್ಚಿ, ಬೆಂಗಳೂರು ಇವುಗಳಲ್ಲಿ ಒಂದು ದಾರಿ ಹಿಡಿಯಲೇಬೇಕು.

ನಮ್ಮ ಕಡೆ ಕ್ಯಾಮೆರಾ ಕೆಡುವ ಬಗೆಯೂ ಬೇರೆ. ಮಳೆಗಾಲದ ನಾಲ್ಕು ತಿಂಗಳು ಮನೆಯೊಳಗಿನ ತೇವ ಶೇಕಡಾ 80ರ ಮೇಲೆಯೇ ಇರುತ್ತದೆ. 65 ದಾಟಿದ ತೇವ, ಕತ್ತಲೆ, ಗಾಳಿಯಾಡದ ಬ್ಯಾಗು ಮೂರೂ ಸೇರಿದರೆ ಲೆನ್ಸಿನೊಳಗೆ ಫಂಗಸ್ ಹಿಡಿಯಲು ಹೆಚ್ಚು ದಿನ ಬೇಡ. ಅದು ಒಸರುವ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿನ್ನುತ್ತದೆ. ಒಮ್ಮೆ ತಿಂದ ಮೇಲೆ ಒರೆಸಿದರೂ ಬಳ್ಳಿಯಂಥ ಗುರುತು ಹೋಗುವುದಿಲ್ಲ. ಬೇಕಲದ ಕೋಟೆಯಲ್ಲಿ ಮದುವೆಯ ಹೊರಾಂಗಣ ಶೂಟಿಂಗ್ ಮಾಡುವವರ ಬಾಡಿಗಳಲ್ಲಿ ಉಪ್ಪುಗಾಳಿ ಕೂತು ಹಾಟ್ ಶೂ (ಫ್ಲ್ಯಾಶ್ ಸಿಕ್ಕಿಸುವ ಜಾಗ), ಬ್ಯಾಟರಿ ಕಾಂಟ್ಯಾಕ್ಟ್‌ಗಳಲ್ಲಿ ಹಸಿರು ಕಿಲುಬು ಬರುತ್ತದೆ. ತೆಯ್ಯಂ ಕಟ್ಟುವಲ್ಲಿ ಸೂಟೆಯ ಹೊಗೆ, ಎಣ್ಣೆಯ ಮಸಿ, ಅರಸಿನ ಹುಡಿ. ಝೂಮ್ ಮಾಡುವಾಗ ಮೂತಿ ಮುಂದಕ್ಕೆ ಚಾಚುವ ಲೆನ್ಸುಗಳು ಪ್ರತಿ ಸಲ ಹೊರಗಿನ ಗಾಳಿಯನ್ನು ಒಳಗೆಳೆಯುತ್ತವೆ. ಹುಡಿಯೂ ಅದರ ಜೊತೆ ಒಳಗೆ ಹೋಗುತ್ತದೆ. ಮದರಂಗಿ ರಾತ್ರಿಯ ಲೇಸರ್ ದೀಪ ನೇರವಾಗಿ ಲೆನ್ಸಿಗೆ ಬಡಿದರೆ ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಶಾಶ್ವತ ಗೆರೆ ಬೀಳುತ್ತದೆ. ಇವುಗಳಲ್ಲಿ ಯಾವುದಕ್ಕೂ ಯಾವ ಕಂಪನಿಯ ವಾರಂಟಿಯೂ ಸಿಗುವುದಿಲ್ಲ. ಫಂಗಸ್, ನೀರು, ಉಪ್ಪು, ಹೊರಗಿನ ಬೆಳಕಿನಿಂದ ಸುಟ್ಟದ್ದು ಎಲ್ಲವೂ ಬಳಸಿದವರ ಲೆಕ್ಕಕ್ಕೇ. ಬಾಡಿಯ ಮೇಲೆ ನೀರು, ಧೂಳು ತಡೆಯುತ್ತದೆಂದು ಬರೆದಿದ್ದರೂ ಇದು ಬದಲಾಗುವುದಿಲ್ಲ.

ಹಾಗಾದರೆ ಕಂಪನಿಯನ್ನು ಅಳೆಯುವುದು ಹೇಗೆ? ಕೌಂಟರಿನ ಹುಡುಗ ನಗುತ್ತಾ ಮಾತಾಡಿದನೋ ಇಲ್ಲವೋ ಎಂಬುದರಿಂದ ಏನೂ ತಿಳಿಯದು. ತಯಾರಿಕೆಯಲ್ಲೇ ತಪ್ಪಾದಾಗ ಅದನ್ನು ಬರಹದಲ್ಲಿ ಒಪ್ಪಿಕೊಂಡರೇ, ಯಾವ ಸೀರಿಯಲ್ ನಂಬರಿನವರೆಗೆ ಎಂದು ಹೇಳಿದರೇ, ವಾರಂಟಿ ಮುಗಿದವರಿಗೂ ಮಾಡಿಕೊಟ್ಟರೇ, ಎಷ್ಟು ವರ್ಷ ಮಾಡಿಕೊಟ್ಟರು? ಈ ನಾಲ್ಕನ್ನು ನೋಡಿದರೆ ಕಂಪನಿಯ ನಿಜವಾದ ಗುಣ ಗೊತ್ತಾಗುತ್ತದೆ.

ನಿಕಾನ್‌ನಿಂದ ಶುರುಮಾಡೋಣ. 2012ರ ಸೆಪ್ಟೆಂಬರಿನಲ್ಲಿ ಬಂದ ಡಿ600 ಒಳ್ಳೆಯ ಕ್ಯಾಮೆರಾ, ಆದರೆ ಸೆನ್ಸರಿನ ಮೇಲೆ ಎಣ್ಣೆ ಮತ್ತು ಧೂಳಿನ ಚುಕ್ಕೆ ಬೀಳುತ್ತಿತ್ತು. ಚಿತ್ರದ ಎಡ ಮೇಲ್ಮೂಲೆಯಲ್ಲಿ ಹೆಚ್ಚು. ತೊಳೆದುಕೊಟ್ಟರೆ ಮತ್ತೆ ಬೀಳುತ್ತಿತ್ತು. 2013ರ ಫೆಬ್ರವರಿಯಲ್ಲಿ ಕಂಪನಿ ಕೊಟ್ಟ ಮೊದಲ ಸೂಚನೆ ಅಳೆದು ತೂಗಿ ಬರೆದದ್ದು: ನೀವೇ ತೊಳೆದುಕೊಳ್ಳಿ, ಹೋಗದಿದ್ದರೆ ಸರ್ವಿಸ್ ಸೆಂಟರಿಗೆ ತನ್ನಿ ಎಂಬ ಧಾಟಿ. ಅಕ್ಟೋಬರಿನಲ್ಲಿ ಡಿ610 ಎಂಬ ಹೊಸ ಮಾಡೆಲ್ ಬಂತು, ಬೆಳಕಿಗೆ ತೆರೆದು ಮುಚ್ಚುವ ಶಟರ್ ಬದಲಾಗಿತ್ತು. ಡಿ600 ಕೊಂಡವರಿಗೆ ಸಿಟ್ಟು ಬಂದದ್ದು ಆಗ, ಮತ್ತು ಆ ಸಿಟ್ಟು ಸರಿಯಾದದ್ದೇ. 2014ರ ಫೆಬ್ರವರಿಯಲ್ಲಿ ಮಾತ್ರ ಪೂರ್ತಿ ಒಪ್ಪಿಗೆ ಬಂತು: ವಾರಂಟಿ ಮುಗಿದಿದ್ದರೂ ಉಚಿತವಾಗಿ ಪರೀಕ್ಷೆ, ಶುದ್ಧಿ, ಶಟರ್ ಬದಲಾವಣೆ. ಮರುತಿಂಗಳು ಶಾಂಘೈ ಆಡಳಿತ ಆ ಮಾಡೆಲಿನ ಮಾರಾಟವನ್ನೇ ನಿಲ್ಲಿಸಲು ಆದೇಶಿಸಿತು.

ಅಲ್ಲಿ ಪೆಟ್ಟು ತಿಂದ ಮೇಲೆ ನಿಕಾನ್ ನಡೆದುಕೊಂಡ ರೀತಿ ಬದಲಾಯಿತು. ಡಿ750ರಲ್ಲಿ ಬೆಳಕಿನ ಪಟ್ಟಿ ವಿಚಿತ್ರವಾಗಿ ಕತ್ತರಿಸಿದಂತೆ ಕಾಣುವ ತೊಂದರೆಗೆ 2015ರ ಜನವರಿಯಲ್ಲೇ ಸೂಚನೆ ಬಂತು. ಅದೇ ಕ್ಯಾಮೆರಾದ ಶಟರ್ ತೊಂದರೆಗೆ ಅದೇ ವರ್ಷ ಜುಲೈಯಲ್ಲಿ ಇನ್ನೊಂದು. ಮುಂದೆ ಅದರ ವ್ಯಾಪ್ತಿಯನ್ನು ಹೆಚ್ಚಿನ ಬಾಡಿಗಳಿಗೆ ಹಿಗ್ಗಿಸಿದರು. 2019ರ ಮೇಯಲ್ಲಿ ಝಡ್6, ಝಡ್7ರ ಅಲುಗಾಟ ತಡೆಯುವ ಭಾಗಕ್ಕೆ, 2023ರಲ್ಲಿ ಝಡ್8ರಲ್ಲಿ ಲೆನ್ಸ್ ಕೂರಿಸುವ ಮೌಂಟಿಗೂ ಬೆಲ್ಟ್ ಸಿಕ್ಕಿಸುವ ಕೊಂಡಿಗೂ ಸೂಚನೆ ಬಂತು. ಸೀರಿಯಲ್ ನಂಬರ್ ಹಾಕಿದರೆ ನಿಮ್ಮ ಕ್ಯಾಮೆರಾ ಆ ಪಟ್ಟಿಯಲ್ಲಿದೆಯೇ ಎಂದು ವೆಬ್‌ಸೈಟ್ ಹೇಳುತ್ತದೆ. ಸೆಕೆಂಡ್ ಹ್ಯಾಂಡ್ ಡಿ750, ಝಡ್6 ಕೊಳ್ಳುವವರು ಹಣ ಕೊಡುವ ಮೊದಲು ಇದನ್ನು ನೋಡಬೇಕು. ಡಿ750 ಪಟ್ಟಿಯಲ್ಲಿದ್ದು ರಿಪೇರಿ ಆಗಿದ್ದರೆ ಟ್ರೈಪಾಡ್ ತಿರುಪಿನ ತೂತಿನೊಳಗೆ ಕಪ್ಪು ಚುಕ್ಕೆಯ ಗುರುತು ಇರುತ್ತದೆ. ಬೆಳಕಿನ ಪಟ್ಟಿಯ ತೊಂದರೆಯ ಸೂಚನೆಯಲ್ಲಿ ಕಂಪನಿಯೇ ಇದನ್ನು ಹೇಳಿತ್ತು.

ನಿಕಾನ್ ಬಗ್ಗೆ ಮನಸ್ಸಿಗೆ ಹಿಡಿಸದ ವಿಷಯವೂ ಒಂದಿದೆ. ಅಮೆರಿಕದಲ್ಲಿ 2012ರ ಜುಲೈಯಿಂದ ಹೊರಗಿನ ರಿಪೇರಿಯವರಿಗೆ ಬಿಡಿಭಾಗ ಮಾರುವುದನ್ನು ನಿಲ್ಲಿಸಿದರು. 2020ರ ಮಾರ್ಚ್‌ಗೆ ಅಲ್ಲಿನ ಅಧಿಕೃತ ರಿಪೇರಿ ಅಂಗಡಿಗಳ ಒಪ್ಪಂದವನ್ನೂ ಮುಗಿಸಿದರು. ಅಲ್ಲಿ ಆದದ್ದು ನಮಗೇಕೆ ಎನ್ನಬೇಡಿ. ದೊಡ್ಡ ಪೇಟೆಯಲ್ಲೇ ಬಿಡಿಭಾಗ ಹೊರಗೆ ಸಿಗದಿದ್ದರೆ ಮಂಗಳೂರಿನ ಒಳ್ಳೆಯ ಮೆಕ್ಯಾನಿಕ್‌ಗೂ ಉಳಿಯುವುದು ಒಡೆದ ಬಾಡಿಗಳಿಂದ ಕಿತ್ತ ಹಳೆ ಭಾಗ ಮಾತ್ರ.

ಕ್ಯಾನನ್‌ನದ್ದು ಸಮಾಧಾನದ ದಾಖಲೆ. ಮೊದಲ 5ಡಿಯ ಕನ್ನಡಿ ಅಂಟು ಬಿಟ್ಟು ಉದುರುತ್ತಿತ್ತು. ಅದನ್ನು ವಾರಂಟಿ ನೋಡದೆ ಬಹಳ ವರ್ಷ ಉಚಿತವಾಗಿ ಗಟ್ಟಿಮಾಡಿಕೊಟ್ಟರು. 2012ರಲ್ಲಿ 5ಡಿ ಮಾರ್ಕ್ 3ರ ಮೇಲಿನ ಪರದೆಯ ದೀಪ ಹಾಕಿದರೆ ಕಡುಗತ್ತಲಲ್ಲಿ ಎಕ್ಸ್‌ಪೋಶರ್ ಲೆಕ್ಕ ತಪ್ಪುತ್ತದೆ ಎಂದಾಗ ಕೆಲವೇ ವಾರಗಳಲ್ಲಿ ಒಪ್ಪಿ ಸರಿಮಾಡಿದರು. ಇಎಫ್ 24-105 ಎಫ್/4 ಎಲ್‌ನ ಮೊದಲ ತಂಡದ ಲೆನ್ಸುಗಳಲ್ಲಿ ಬೆಳಕು ಚೆಲ್ಲುವ ದೋಷವನ್ನು 2005ರಲ್ಲೇ ಒಪ್ಪಿಕೊಂಡಿದ್ದರು. ಆದರೆ ಅದೇ ಲೆನ್ಸಿನ ಇನ್ನೊಂದು ದೌರ್ಬಲ್ಯಕ್ಕೆ ಅಂಥ ಸೂಚನೆ ಬರಲಿಲ್ಲ: ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರಿಗೆ ಹೋಗುವ ತೆಳು ಫ್ಲೆಕ್ಸ್ ಕೇಬಲ್ ವರ್ಷಗಟ್ಟಲೆ ಝೂಮಿನ ಜೊತೆ ಮಡಿಸಿ ಮಡಿಸಿ ಸೀಳುತ್ತದೆ. ಎಫ್/4ರಲ್ಲಿ, ಅಂದರೆ ಕಿಂಡಿ ಪೂರ್ತಿ ತೆರೆದಾಗ, ಚಿತ್ರ ಬರುತ್ತದೆ, ಎಫ್/8ಕ್ಕೆ ಕಿರಿದು ಮಾಡಿದರೆ ಎರರ್ 01. ನಮ್ಮ ಮದುವೆ ಸ್ಟುಡಿಯೊಗಳಲ್ಲಿ ಈ ಲೆನ್ಸ್ ಇನ್ನೂ ದುಡಿಯುತ್ತಿರುವುದರಿಂದ ಈ ಲಕ್ಷಣ ತಿಳಿದಿರಲಿ. ಕಾಂಟ್ಯಾಕ್ಟ್ ಒರೆಸಿದರೂ ಹೋಗದಿದ್ದರೆ, ಅಪರ್ಚರ್ ಪೂರ್ತಿ ತೆರೆದಾಗ ಬಾರದೆ ಮುಚ್ಚಿದಾಗ ಮಾತ್ರ ಬಂದರೆ, ಅದು ಕೇಬಲ್. ಬಾಡಿಯನ್ನು ದೂರಬೇಡಿ.

ಲೈಕಾದ ಕತೆ ಹೆಚ್ಚು ಕಲಿಸುತ್ತದೆ. 2009ರ ಎಂ9, ಆಮೇಲಿನ ಎಂ9-ಪಿ, ಮೊದಲ ಮೊನೊಕ್ರೋಮ್, ಎಂ-ಇ ನಾಲ್ಕರಲ್ಲೂ ಇದ್ದದ್ದು ಒಂದೇ ಬಗೆಯ ಸಿಸಿಡಿ ಸೆನ್ಸರ್. ಅದರ ಮುಂದಿನ ತೆಳು ಗಾಜು ತೇವದಲ್ಲಿ ಕೊರೆಯುತ್ತಾ ಬಂತು. ಚಿತ್ರದಲ್ಲಿ ಬಿಳಿ ಬಳೆ ಸುತ್ತಿದ ಕಪ್ಪು ಚುಕ್ಕೆ, ತೊಳೆದರೂ ಹೋಗದು. ಲೈಕಾ 2014ರಲ್ಲಿ ಉಚಿತವಾಗಿ ಬದಲಿಸುವುದಾಗಿ ಹೇಳಿತು, ಕ್ಯಾಮೆರಾ ಎಷ್ಟು ಹಳೆಯದಾದರೂ. ಇಷ್ಟು ದೊಡ್ಡ ಮನಸ್ಸು ಬೇರೆ ಕಂಪನಿ ತೋರಿಸಿದ್ದು ಅಪರೂಪ. ಆದರೆ 2017ರ ಆಗಸ್ಟಿನಿಂದ, ಕೊಂಡು ಐದು ವರ್ಷದೊಳಗಿನವುಗಳಿಗೆ ಮಾತ್ರ ಉಚಿತ ಎಂದಾಯಿತು. 2020ರಲ್ಲಿ ಸೆನ್ಸರಿನ ದಾಸ್ತಾನೇ ಮುಗಿಯಿತು ಎಂದರು. ಇವತ್ತು ಹಳೆ ಎಂ9 ಕೊಳ್ಳುವವರು ಸೆನ್ಸರ್ ಬದಲಾಗಿದೆಯೇ ಎಂಬುದಕ್ಕೆ ಲೈಕಾದ ಸರ್ವಿಸ್ ಕಾಗದ ಕೇಳಲೇಬೇಕು. ನಮ್ಮ ಕರಾವಳಿಯ ತೇವದಲ್ಲಿ ಬದಲಾಗದ ಸೆನ್ಸರಿನ ಎಂ9ಗೆ ದುಡ್ಡು ಹಾಕುವುದು ಬೇಡ. ಇನ್ನೊಂದು ಕಡೆ, ಅದೇ ಕಂಪನಿಯ ಫಿಲ್ಮ್ ಎಂ ಕ್ಯಾಮೆರಾಗಳಿಗೆ ಜರ್ಮನಿಯ ವೆಟ್ಸ್ಲಾರಿನಲ್ಲಿ ಈಗಲೂ ಸರ್ವಿಸ್ ಇದೆ. ಯಂತ್ರದ ಹಲ್ಲು, ಸ್ಪ್ರಿಂಗ್ ಮತ್ತೆ ಮಾಡಬಹುದು, ನಿಂತುಹೋದ ಸೆನ್ಸರ್ ಮಾಡಲಾಗದು. ಡಿಜಿಟಲ್ ಕ್ಯಾಮೆರಾ ಎಷ್ಟೇ ದುಬಾರಿಯಾಗಿರಲಿ, ಅದರ ಆಯುಷ್ಯ ಬಿಡಿಭಾಗದ ದಾಸ್ತಾನಿನಷ್ಟೇ.

ಲೈಕಾ, ಹ್ಯಾಸೆಲ್‌ಬ್ಲಾಡ್ ತರದ ಕ್ಯಾಮೆರಾ ಜರ್ಮನಿಗೋ ಸ್ವೀಡನ್ನಿಗೋ ಹೋಗಬೇಕಾದರೆ ಕಸ್ಟಮ್ಸ್ ಕಡೆ ಎಚ್ಚರ. ರಿಪೇರಿಗೆ ಹೊರದೇಶಕ್ಕೆ ಹೋಗಿ ಮರಳಿದ ವಸ್ತುವಿಗೆ ರಿಪೇರಿಯ ಖರ್ಚು, ಸಾಗಣೆ ಮತ್ತು ವಿಮೆಯ ಮೊತ್ತದ ಮೇಲೆ ಮಾತ್ರ ಸುಂಕ ಬೀಳುವ ರಿಯಾಯಿತಿ ಇದೆ. ಅದು ಸಿಗಬೇಕಾದರೆ ಕಳಿಸುವಾಗಲೇ ಕಾಗದದಲ್ಲಿ ಸೀರಿಯಲ್ ನಂಬರ್ ಮತ್ತು ರಿಪೇರಿಗಾಗಿ ಎಂಬ ಉದ್ದೇಶ ದಾಖಲಾಗಿರಬೇಕು. ಗಲ್ಫಿಗೆ ಹೋಗುವ ನೆಂಟರ ಕೈಯಲ್ಲಿ ಸುಮ್ಮನೆ ಕೊಟ್ಟು ಕಳಿಸಿ, ಅಲ್ಲಿಂದ ಕೊರಿಯರ್ ಮಾಡಿಸಿದರೆ, ವಾಪಸು ಬರುವಾಗ ಪೂರ್ತಿ ಬೆಲೆಯ ಮೇಲೆ ಸುಂಕ ಕೇಳಿದರೆ ತೋರಿಸಲು ಏನೂ ಇರುವುದಿಲ್ಲ.

ಫ್ಯೂಜಿ ತನ್ನ ಮೊದಲ ಎಕ್ಸ್100ರಲ್ಲಿ ಅಪರ್ಚರ್ ಎಲೆಗಳು ಅಂಟಿಕೊಳ್ಳುವ ತೊಂದರೆಗೆ ಲೆನ್ಸ್ ಭಾಗವನ್ನೇ ಬದಲಿಸಿಕೊಟ್ಟಿತು. ಎಕ್ಸ್-ಟಿ1ರ ಬೆಳಕು ಸೋರುವುದನ್ನು 2014ರಲ್ಲಿ ಒಪ್ಪಿ ಉಚಿತವಾಗಿ ಸರಿಮಾಡಿತು. ಸೋನಿ ಇಂಥ ಬಹಿರಂಗ ಸೂಚನೆ ಕೊಡುವುದರಲ್ಲಿ ನಿಕಾನ್‌ನಷ್ಟು ಮುಂದಿಲ್ಲ. ಅದರ ಬಾಡಿಗಳಲ್ಲಿ ಆಫ್ ಮಾಡಿ ಆನ್ ಮಾಡಿ ಎಂಬ ಕ್ಯಾಮೆರಾ ಎರರ್ ಪದೇ ಪದೇ ಬಂದರೆ ಶಟರನ್ನೇ ಮೊದಲು ಅನುಮಾನಿಸಬೇಕು. ಎಲೆಕ್ಟ್ರಾನಿಕ್ ಶಟರಿನಲ್ಲಿ ಅದೇ ಬಾಡಿ ಸರಿಯಾಗಿ ಓಡಿದರೆ ಅನುಮಾನ ಗಟ್ಟಿಯಾಗುತ್ತದೆ. ಒಲಿಂಪಸ್ ಕ್ಯಾಮೆರಾ ವಿಭಾಗ 2021ರ ಜನವರಿಯಲ್ಲಿ ಬೇರೆ ಕಂಪನಿಯ ಕೈಗೆ ಹೋಯಿತು. ಹಳೆಯ ಬಿಲ್ಲು ಇಟ್ಟುಕೊಂಡು ಯಾರನ್ನು ಕೇಳಬೇಕೆಂದೇ ತಿಳಿಯದ ಸ್ಥಿತಿ ಬಳಸುವವರಿಗೆ ಬರುವುದು ಹೀಗೆ.

ನಮ್ಮ ಪಿನ್ ಕೋಡಿನ ಸಮಸ್ಯೆ

ಮಂಜೇಶ್ವರದ ಪಿನ್ 671323, ಕಾಸರಗೋಡಿನದ್ದು 671121. ಫೋನಿನಲ್ಲಿ ಈ ನಂಬರ್ ಹೇಳಿದ ಕೂಡಲೇ ಕೇರಳ ಎಂದು ಕಂಡು ಕೊಚ್ಚಿಯ ವಿಳಾಸ ಕೊಡುವುದು ಸಹಜ. ಕಾಸರಗೋಡಿನಿಂದ ಕೊಚ್ಚಿ ಸುಮಾರು 350 ಕಿಲೋಮೀಟರ್, ಮಂಗಳೂರು 50. ಮಂಗಳೂರು ಬೇಕೆಂದು ನೀವೇ ಬಾಯಿಬಿಟ್ಟು ಹೇಳಬೇಕು. ರಾಜ್ಯ ಬೇರೆ ಎಂಬ ಕಾರಣಕ್ಕೆ ಯಾವ ಸರ್ವಿಸ್ ಸೆಂಟರೂ ಕ್ಯಾಮೆರಾ ತೆಗೆದುಕೊಳ್ಳಲು ನಿರಾಕರಿಸಬೇಕಾಗಿಲ್ಲ. ಜಿಎಸ್‌ಟಿ ಇರುವ ಸ್ಟುಡಿಯೊದವರು ಕೇರಳದ 32ರಿಂದ ಶುರುವಾಗುವ ತಮ್ಮ ಜಿಎಸ್‌ಟಿ ನಂಬರನ್ನು ಕೊಡಬೇಕು. ರಿಪೇರಿಯ ಮೇಲಿನ ಶೇಕಡಾ 18ರ ತೆರಿಗೆಯನ್ನು ಲೆಕ್ಕದಲ್ಲಿ ಹಿಂಪಡೆಯಲು ಬಿಲ್ಲಿನಲ್ಲಿ ಆ ನಂಬರ್ ಇರಲೇಬೇಕು.

ಮಂಗಳೂರು ಎಂದರೂ ಇನ್ನೊಂದು ಪ್ರಶ್ನೆ ಬಾಕಿ ಇರುತ್ತದೆ: ಅಲ್ಲಿ ರಿಪೇರಿ ಮಾಡುತ್ತಾರೋ, ತೆಗೆದಿಟ್ಟುಕೊಂಡು ಬೆಂಗಳೂರಿಗೋ ಇನ್ನೆಲ್ಲಿಗೋ ಕಳಿಸುತ್ತಾರೋ? ಬೋರ್ಡಿನಲ್ಲಿ ಎರಡಕ್ಕೂ ಒಂದೇ ಹೆಸರು ಇರಬಹುದು. ಲೆನ್ಸ್ ಬಿಚ್ಚಿ ಜೋಡಿಸಿ ಫೋಕಸ್ ಸರಿಹೊಂದಿಸುವ ಟೇಬಲ್ ನಿಮ್ಮಲ್ಲೇ ಇದೆಯೇ ಎಂದು ನೇರವಾಗಿ ಕೇಳಿ. ಇಲ್ಲ ಎಂದಾದರೆ ಮಧ್ಯದ ಒಂದು ಕೈ ತಪ್ಪಿಸಿ, ರೈಲಿನಲ್ಲಿ ನೇರ ದೊಡ್ಡ ಸೆಂಟರಿಗೇ ಒಯ್ಯುವುದು ಉತ್ತಮ. ಸೆನ್ಸರ್ ತೊಳೆಯುವುದು, ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್), ರಬ್ಬರ್ ಗ್ರಿಪ್ ಅಂಟಿಸುವುದು ಇಂಥ ಸಣ್ಣ ಕೆಲಸಕ್ಕೆ ಹತ್ತಿರದ ಜಾಗ ಸಾಕು.

ಗಲ್ಫಿನಿಂದ ತಂದ ಕ್ಯಾಮೆರಾಗಳ ಬಗ್ಗೆ ನಮ್ಮಲ್ಲಿ ಹೇಳಲೇಬೇಕು, ಯಾಕೆಂದರೆ ಉಪ್ಪಳದಿಂದ ಕಾಞಂಗಾಡಿನವರೆಗೆ ಎಷ್ಟೋ ಬಾಡಿಗಳು ದುಬಾಯಿ, ಶಾರ್ಜಾದ ಬಿಲ್ಲಿನವು. ಬಾಡಿಯ ವಾರಂಟಿ ಸಾಮಾನ್ಯವಾಗಿ ಕೊಂಡ ಪ್ರದೇಶಕ್ಕೆ ಸೀಮಿತ. ಲೆನ್ಸಿಗೆ ಬೇರೆ ಕಾರ್ಡ್ ಇದ್ದು ಅದರ ನಿಯಮ ಬೇರೆ ಇರಬಹುದು. ಅಂಗಡಿಯವರು ಅಂತಾರಾಷ್ಟ್ರೀಯ ವಾರಂಟಿ ಎಂದು ಬಾಯಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ, ಕಾರ್ಡಿನಲ್ಲಿ ಮುದ್ರಿಸಿದ್ದು ಮಾತ್ರ ನಿಲ್ಲುತ್ತದೆ. ಅಂಗಡಿಯ ಮುದ್ರೆ, ತಾರೀಕು, ಸೀರಿಯಲ್ ನಂಬರ್ ಮೂರೂ ಕಾರ್ಡಿನಲ್ಲಿರಲಿ. ಬಿಲ್ಲು ಮಾಸುವ ಕಾಗದದಲ್ಲಿದ್ದರೆ ಅವತ್ತೇ ಫೋಟೊ ತೆಗೆದಿಡಿ. ಇಲ್ಲಿನ ಬೆಲೆಗೂ ಅಲ್ಲಿನ ಬೆಲೆಗೂ ಇರುವ ಅಂತರ ಒಂದು ಶಟರ್ ಬದಲಾವಣೆಯ ಖರ್ಚಿಗಿಂತ ಕಡಿಮೆಯಾದರೆ ಇಲ್ಲೇ ಕೊಳ್ಳಿ.

ಕೊಡುವ ರೀತಿ

ಸರ್ವಿಸ್ ಚೆನ್ನಾಗಿಲ್ಲ ಎಂಬ ದೂರುಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಜಾಬ್ ಶೀಟಿನಲ್ಲಿ, ಅಂದರೆ ಕ್ಯಾಮೆರಾ ತೆಗೆದುಕೊಳ್ಳುವಾಗ ದೂರು ಬರೆದುಕೊಳ್ಳುವ ಕಾಗದದಲ್ಲಿ. ಫೋಕಸ್ ಸರಿ ಇಲ್ಲ ಎಂದು ಬರೆಸಿ ಬಂದರೆ, ಅವರು ಚಾರ್ಟಿನ ಮುಂದೆ ಇಟ್ಟು, ತಮ್ಮ ಅಳತೆಯೊಳಗೆ ಇದೆ ಎಂದು ಕಂಡು, ದೋಷ ಕಾಣಲಿಲ್ಲ ಎಂದು ವಾಪಸು ಕೊಡುತ್ತಾರೆ. ಹೀಗೆ ಬರೆಸಬೇಕು: 70-200 ಲೆನ್ಸ್, 200ರಲ್ಲಿ, ಎಫ್/2.8, ಐದು ಮೀಟರ್ ದೂರ, ನಡುವಿನ ಪಾಯಿಂಟ್, ಸ್ಟೆಬಿಲೈಜರ್ ಆಫ್, ಟ್ರೈಪಾಡ್ ಮೇಲೆ, ಫೋಕಸ್ ಹಿಂದಕ್ಕೆ ಬೀಳುತ್ತದೆ, 70ರಲ್ಲಿ ಸರಿ, ಇನ್ನೊಂದು ಬಾಡಿಯಲ್ಲೂ ಹಾಗೇ. ಈ ಕೊನೆಯ ವಾಕ್ಯವೇ ತಪ್ಪು ಲೆನ್ಸಿನದ್ದೋ ಬಾಡಿಯದ್ದೋ ಎಂದು ತೀರ್ಮಾನಿಸುತ್ತದೆ. ಜೊತೆಗೆ ಮೂರು ನಾಲ್ಕು ರಾ ಫೈಲುಗಳನ್ನು (ಸಂಸ್ಕರಿಸದ ಮೂಲ ಚಿತ್ರಗಳು) ಪೆನ್ ಡ್ರೈವಿನಲ್ಲಿ ಕೊಡಿ. ಡಿಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಫೋಕಸಿನ ತೊಂದರೆಯಾದರೆ ಬಾಡಿ, ಲೆನ್ಸ್ ಎರಡನ್ನೂ ಕೊಡಬೇಕು. ಒಂದನ್ನೇ ಕೊಟ್ಟರೆ ಇನ್ನೊಂದರ ಜೊತೆ ಹೊಂದಿಸಲು ಅವರಿಗೆ ದಾರಿಯಿಲ್ಲ. ಒಮ್ಮೊಮ್ಮೆ ಮಾತ್ರ ಬರುವ ದೋಷವನ್ನು ಸೀರಿಯಲ್ ನಂಬರ್ ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ಮಾಡಿಡಿ. ಸೆಂಟರಿನ ಎಸಿ ಕೋಣೆಯಲ್ಲಿ ಅದು ಬಾರದೇ ಹೋಗಬಹುದು.

ಮೆಮೊರಿ ಕಾರ್ಡ್, ಬೆಲ್ಟ್, ಫಿಲ್ಟರ್, ಐ ಕಪ್, ಟ್ರೈಪಾಡ್ ಪ್ಲೇಟ್ ತೆಗೆದಿಡಿ. ಕೊಟ್ಟದ್ದೆಲ್ಲ ಜಾಬ್ ಶೀಟಿನಲ್ಲಿ ಒಂದೊಂದಾಗಿ ಇರಲಿ, ಲೆನ್ಸಿನ ಮುಚ್ಚಳ ಸಹಿತ. ಆರು ಕಡೆಯಿಂದ ಫೋಟೊ ತೆಗೆಯಿರಿ, ತಿರುಪುಗಳ ತಲೆ ಕಾಣುವಂತೆ. ಬಾಡಿಯ ಸೆಟ್ಟಿಂಗುಗಳನ್ನು ಕಾರ್ಡಿಗೆ ಉಳಿಸಿಕೊಳ್ಳಿ, ರಿಪೇರಿಯ ನಂತರ ಎಲ್ಲವೂ ಕಾರ್ಖಾನೆಯ ಸ್ಥಿತಿಗೆ ಹೋಗಿರಬಹುದು. ಕೊರಿಯರ್ ಮಾಡುವುದಾದರೆ ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಾಲ್ಕೂ ಕಡೆ ಐದು ಸೆಂಟಿಮೀಟರ್ ಫೋಮ್. ಹಳೆ ಪೇಪರ್ ತುಂಬಬೇಡಿ, ಮಳೆಗಾಲದಲ್ಲಿ ಅದೇ ತೇವ ಹಿಡಿದು ಲೆನ್ಸಿಗೆ ಕೊಡುತ್ತದೆ. ಬ್ಯಾಟರಿ ಹಾಕದೆ ಕಳಿಸಿ, ಲಿಥಿಯಂ ಬ್ಯಾಟರಿಗೆ ವಿಮಾನದಲ್ಲಿ ಬೇರೆ ನಿಯಮಗಳಿವೆ. ಪೂರ್ತಿ ಬೆಲೆ ತೋರಿಸಿ ವಿಮೆ ಮಾಡಿಸದ ಪಾರ್ಸೆಲ್ ಕಳೆದುಹೋದರೆ ಕೊರಿಯರಿನವರು ಕೊಡುವ ಪರಿಹಾರ ಲೆನ್ಸ್ ಮುಚ್ಚಳಕ್ಕೂ ಸಾಲದು. ಜಿಎಸ್‌ಟಿ ಇರುವ ಸ್ಟುಡಿಯೊ ರಿಪೇರಿಗಾಗಿ, ಮಾರಾಟಕ್ಕಲ್ಲ ಎಂದು ಬರೆದ ಚಲನ್ ಇಡಬೇಕು. ಬೆಲೆ 50,000 ದಾಟಿದರೆ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ರಹದಾರಿ) ಬೇಕಾಗುತ್ತದೆ.

ಸಮಯವನ್ನೂ ನೋಡಿ ಕೊಡಬೇಕು. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ತೆಯ್ಯಂ ಮತ್ತೆ ಶುರುವಾಗುವುದು ಅಕ್ಟೋಬರ್ ಕೊನೆಗೆ ಬರುವ ತುಲಾ ಮಾಸದ ಹತ್ತಕ್ಕೆ. ಆ ನಡುವಿನ ಮಳೆ ತಿಂಗಳುಗಳೇ ಸರ್ವಿಸಿಗೆ ಹೇಳಿ ಮಾಡಿಸಿದ್ದು. ಅಕ್ಟೋಬರಿನಲ್ಲಿ ಕೊಟ್ಟರೆ ಬಿಡಿಭಾಗ ಹೊರಗಿನಿಂದ ಬರುವಷ್ಟರಲ್ಲಿ ಸೀಸನ್ ಅರ್ಧ ಹೋಗಿರುತ್ತದೆ. ವೃತ್ತಿಯವರಿಗೆಂದೇ ಇರುವ ಕ್ಯಾನನ್‌ನ ಸಿಪಿಎಸ್, ನಿಕಾನ್‌ನ ಎನ್‌ಪಿಎಸ್ ಸದಸ್ಯತ್ವಕ್ಕೆ ನಿಮ್ಮ ಬಾಡಿ, ಲೆನ್ಸುಗಳು ಹೊಂದುತ್ತವೆಯೇ ನೋಡಿ. ಸಾಲು ಮುಂದಾಗುವುದು, ರಿಪೇರಿಯ ನಡುವೆ ಬದಲಿ ಕ್ಯಾಮೆರಾ ಸಿಗುವ ಸಾಧ್ಯತೆ ಇವು ಮದುವೆ ಕೆಲಸದವರಿಗೆ ನಿಜಕ್ಕೂ ಬೆಲೆಬಾಳುವ ಸಂಗತಿ.

ಎಸ್ಟಿಮೇಟ್ ಓದುವುದು

ಕಂಪನಿಯ ಸೆಂಟರುಗಳು ಭಾಗ ರಿಪೇರಿ ಮಾಡುವುದು ಕಡಿಮೆ, ಜೋಡಣೆಯನ್ನೇ ಬದಲಿಸುತ್ತವೆ. ಒಂದು ಫ್ಯೂಸ್ ಹೋದರೆ ಬೋರ್ಡು, ಒಂದು ಗಾಜಿಗೆ ಫಂಗಸ್ ಹಿಡಿದರೆ ಆ ಗಾಜು ಕೂತಿರುವ ಇಡೀ ಗ್ರೂಪು, ಸೆನ್ಸರಿನ ಗಾಜಿಗೆ ಗೀರು ಬಿದ್ದರೆ ಅಲುಗಾಟ ತಡೆಯುವ ಭಾಗದ ಸಮೇತ ಇಡೀ ಸೆನ್ಸರ್. ಮೋಸ ಎಂದು ಹೇಳಲಾಗದು. ಗಾಜುಗಳ ನಡುವಿನ ದೂರದ ನಿಖರತೆ ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು, ಕಾರ್ಖಾನೆಯಲ್ಲಿ ಹೊಂದಿಸಿದ ಗ್ರೂಪನ್ನು ಮೇಜಿನ ಮೇಲೆ ಬಿಚ್ಚಿ ಮತ್ತೆ ಹೊಂದಿಸುವುದು ಕಷ್ಟ. ಆದರೆ ಬೆಲೆ ಏರುವುದೂ ಇದರಿಂದಲೇ. ಹಾಗಾಗಿ ಎಸ್ಟಿಮೇಟಿನಲ್ಲಿ ಪ್ರತಿ ಭಾಗದ ಹೆಸರು, ಬೆಲೆ, ಕೂಲಿ, ತೆರಿಗೆ ಬೇರೆ ಬೇರೆಯಾಗಿ ಕೇಳಿ. ಅಪರ್ಚರ್ ಎರರಿಗೆ ಮುಖ್ಯ ಬೋರ್ಡು ಬದಲಿಸಬೇಕೆಂದರೆ ಏಕೆಂದು ಕೇಳಿ. ಬಿಚ್ಚಿ ತೆಗೆದ ಹಳೆ ಭಾಗ ವಾಪಸು ಬೇಕೆಂದು ಒಪ್ಪಿಗೆಯ ಇಮೇಲಿನಲ್ಲೇ ಬರೆಯಿರಿ, ಆಮೇಲೆ ಕೇಳಿದರೆ ಸಿಗುವುದು ಕಷ್ಟ. ಎಸ್ಟಿಮೇಟ್ ಬೇಡವೆಂದರೆ ಪರೀಕ್ಷೆಯ ಶುಲ್ಕ ಎಷ್ಟು ಎಂಬುದನ್ನು ಕೊಡುವ ಮೊದಲೇ ತಿಳಿದುಕೊಳ್ಳಿ.

ಫಂಗಸಿನ ವಿಷಯದಲ್ಲಿ ಮಾತ್ರ ಹೊರಗಿನ ಒಳ್ಳೆಯ ಮೆಕ್ಯಾನಿಕ್ ಕಂಪನಿಗಿಂತ ಮೇಲು. ಹೊರ ಗಾಜು, ಹಿಂಬದಿಯ ಗಾಜು, ಅಪರ್ಚರಿನ ಪಕ್ಕದ ಗಾಜಿನ ತನಕ ಫಂಗಸ್ ಇದ್ದರೆ ಬಿಚ್ಚಿ ತೊಳೆಯುವುದು ಸಾಧ್ಯ, ಖರ್ಚೂ ಕಡಿಮೆ. ಎರಡು ಗಾಜುಗಳನ್ನು ಅಂಟಿಸಿದ ಜೋಡಿಯ ನಡುವೆ ಹೊಕ್ಕಿದ್ದರೆ ತೊಳೆಯುವುದು ಸಾಮಾನ್ಯವಾಗಿ ಆಗದು, ಗ್ರೂಪ್ ಬದಲಾಗಬೇಕು. ಪತ್ತೆಹಚ್ಚುವುದು ಸುಲಭ: ಅಪರ್ಚರ್ ತೆರೆದಿಟ್ಟು, ಹಿಂಬದಿಯಿಂದ ಟಾರ್ಚ್ ಓರೆಯಾಗಿ ಬಿಟ್ಟು, ಮುಂದಿನಿಂದ ನೋಡಿ. ಮದ್ಯಸಾರದಿಂದ ಒರೆಸಿ ಕೊಟ್ಟರೆ ಗಾಜು ಹೊಳೆಯುತ್ತದೆ, ಬೇರು ಉಳಿದಿರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಮೋನಿಯ ಬಳಸುತ್ತೀರಾ ಎಂದು ಕೇಳಿದರೆ ಮೆಕ್ಯಾನಿಕ್‌ಗೆ ಕೆಲಸ ಗೊತ್ತೋ ಇಲ್ಲವೋ ತಿಳಿಯುತ್ತದೆ. ತೊಳೆಸಿ ತಂದದ್ದನ್ನು ಮತ್ತೆ ಅದೇ ಬ್ಯಾಗಿಗೆ ಹಾಕಿದರೆ ಮುಂದಿನ ಆಟಿ ತಿಂಗಳ ಮಳೆಗೆ ಮತ್ತೆ ಅಲ್ಲಿಗೇ. ಕರೆಂಟಿನ ಡ್ರೈ ಕ್ಯಾಬಿನೆಟ್ಟಿನಲ್ಲಿ ಶೇಕಡಾ 40ರಿಂದ 50ರ ನಡುವೆ ಇಡಿ, 30ಕ್ಕಿಂತ ಕೆಳಗಿಳಿಸಬೇಡಿ, ರಬ್ಬರು ಒಣಗಿ ಬಿರಿಯುತ್ತದೆ. ಕ್ಯಾಬಿನೆಟ್ ಇಲ್ಲದವರು ಗಾಳಿ ಹೋಗದ ಡಬ್ಬ ಮತ್ತು ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಬಳಸಬಹುದು. ಹಸಿರಾದಾಗ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿ, ಮುಚ್ಚಿದ ಪಾತ್ರೆಯಲ್ಲೇ ತಣಿಸಬೇಕು.

ವಾಪಸು ಬಂದ ದಿನ

ಕೌಂಟರಿನಲ್ಲೇ ಸೀರಿಯಲ್ ನಂಬರ್, ತಿರುಪಿನ ತಲೆಗಳು, ಮೌಂಟ್ ನೋಡಿ. ಮನೆಗೆ ಬಂದು ಮೊದಲ ಕೆಲಸ ಸೆನ್ಸರ್ ಪರೀಕ್ಷೆ: ಐಎಸ್‌ಒ 100, ಎಫ್/16, ಫೋಕಸ್ ತಪ್ಪಿಸಿ, ಬಿಳಿ ಗೋಡೆ ಅಥವಾ ಮೋಡದ ಆಕಾಶ. ಗಟ್ಟಿ ಅಂಚಿನ ಕಪ್ಪು ಚುಕ್ಕೆ ಧೂಳು, ನಡು ತಿಳಿಯಾದ ದುಂಡು ಚುಕ್ಕೆ ಎಣ್ಣೆ. ಶಟರ್ ಹೊಸದಾಗಿ ಹಾಕಿದ್ದರೆ ಮೊದಲ ಕೆಲವು ನೂರು ಚಿತ್ರಗಳ ನಂತರ ಇನ್ನೊಮ್ಮೆ ನೋಡಬೇಕು.

ಬಿಚ್ಚಿ ಜೋಡಿಸಿದ ಲೆನ್ಸಿಗೆ ಒಳ್ಳೆಯ ಚಾರ್ಟ್ ನಮ್ಮಲ್ಲಿ ಎಲ್ಲೆಲ್ಲೂ ಇದೆ: ಸಾರಣೆ ಮಾಡದ ಕೆಂಪುಕಲ್ಲಿನ ಗೋಡೆ. ಕಲ್ಲಿನ ತೂತುಗಳು ಮೂಲೆಯ ಸ್ಪಷ್ಟತೆಯನ್ನು ತೋರಿಸುತ್ತವೆ, ಗಾರೆಯ ಗೆರೆಗಳು ನೇರವನ್ನು. ಫೋಕಲ್ ಲೆಂತ್‌ನ (ಲೆನ್ಸಿನ ಮೇಲೆ ಮಿಲಿಮೀಟರಿನಲ್ಲಿ ಬರೆದ ಸಂಖ್ಯೆ) ಸುಮಾರು 50 ಪಟ್ಟು ದೂರದಲ್ಲಿ ಟ್ರೈಪಾಡ್ ಇಡಿ: 24ಕ್ಕೆ 1.2 ಮೀಟರ್, 50ಕ್ಕೆ 2.5, 200ಕ್ಕೆ ಹತ್ತು. ಕ್ಯಾಮೆರಾ ಗೋಡೆಗೆ ಸಮಾನಾಂತರ ಇದೆಯೇ ನೋಡಲು ಗೋಡೆಗೆ ಸಣ್ಣ ಕನ್ನಡಿ ಒತ್ತಿ ಹಿಡಿದು, ಅದರಲ್ಲಿ ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಡುವೆ ಬರುವಂತೆ ಮಾಡಿ. ಅಪರ್ಚರ್ ಪೂರ್ತಿ ತೆರೆದು ಒಂದು, ಎಫ್/5.6ರಲ್ಲಿ ಒಂದು. ನಾಲ್ಕು ಮೂಲೆಗಳಲ್ಲಿ ಒಂದು ಮಾತ್ರ ಮಂಕಾಗಿದ್ದರೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಇನ್ನೊಂದು ತೆಗೆಯಿರಿ. ಮಂಕು ಚೌಕಟ್ಟಿನ ಅದೇ ಮೂಲೆಯಲ್ಲಿ ಉಳಿದರೆ ಲೆನ್ಸಿನ ಗಾಜು ನಡುವಿನಿಂದ ಸರಿದಿದೆ. ಗೋಡೆಯ ಅದೇ ಜಾಗದಲ್ಲಿ ಉಳಿದರೆ ನಿಮ್ಮ ಟ್ರೈಪಾಡ್ ಓರೆ. ರಿಪೇರಿಗೆ ಕೊಡುವ ಮೊದಲೇ ಇದೇ ಚಿತ್ರ ತೆಗೆದಿಟ್ಟಿದ್ದರೆ ಕೌಂಟರಿನಲ್ಲಿ ವಾದ ಬೇಡ, ಎರಡನ್ನೂ ಪಕ್ಕ ಪಕ್ಕ ತೋರಿಸಿದರೆ ಮುಗಿಯಿತು. ರಿಪೇರಿಗೆ ಎಷ್ಟು ದಿನದ ವಾರಂಟಿ ಎಂಬುದು ಬಿಲ್ಲಿನಲ್ಲಿರುತ್ತದೆ, ಅದರೊಳಗೆ ಹೇಳಬೇಕು, ಬರಹದಲ್ಲೇ.

ಅಷ್ಟಾದರೂ ಕೇಳದಿದ್ದರೆ ಮೊದಲು 1915ಕ್ಕೆ ಫೋನು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕ್ಯಾಮೆರಾ ಬೆಂಗಳೂರಿನಲ್ಲಿ ಕೊಂಡು ಕೊಚ್ಚಿಯಲ್ಲಿ ಕೆಟ್ಟ ರಿಪೇರಿಯಾಗಿದ್ದರೂ ಕಾಸರಗೋಡಿನಲ್ಲೇ ಕೇಸು ಹಾಕಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಗಡುವು ಎರಡು ವರ್ಷ. ಸ್ಟುಡಿಯೊದವರ ವಿರುದ್ಧ ಕಂಪನಿಯ ವಕೀಲರು ಮೊದಲು ಎತ್ತುವ ಆಕ್ಷೇಪ, ಇದು ವ್ಯಾಪಾರದ ಉದ್ದೇಶಕ್ಕೆ ಕೊಂಡದ್ದು, ಇವರು ಗ್ರಾಹಕರಲ್ಲ ಎಂಬುದು. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಕೊಂಡದ್ದು ವ್ಯಾಪಾರದ ಉದ್ದೇಶವಾಗುವುದಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ದೂರಿನ ಮೊದಲ ಪುಟದಲ್ಲೇ ಆ ಮಾತನ್ನು ಬರೆದು, ಜಾಬ್ ಶೀಟ್, ಎಸ್ಟಿಮೇಟ್, ಇಮೇಲುಗಳು, ಕೊಡುವ ಮೊದಲಿನ ಮತ್ತು ನಂತರದ ಗೋಡೆಯ ಚಿತ್ರಗಳನ್ನು ತಾರೀಕಿನ ಕ್ರಮದಲ್ಲಿ ಜೋಡಿಸಿ ಕೊಡಬೇಕು.